ಬೆಳ್ಳಿ ಯಾರಿಗೆ, ಕಂಚು ಯಾರಿಗೆ?

ಹಳೇ ಯುದ್ಧಗಳ ಬಿಲ್ಲೆ, ಜರಿ ಕಸೂತಿಯ ದಂಡಿನ ಲಾಂಛನ ಕೂಡಿಡುವುದು ಉಳ್ಳವರ ಒಂದು ಶೋಕಿ. ಮಖಮಲ್ಲಿನ ಪೆಟ್ಟಿಗೆ, ಮೇಲೆ ಗಾಜು. ಕೂಡಿಡಲಿ ಬಿಡ್ರಿ, ನಮ್ಮ ಗಂಟೇನು ಹೋಯ್ತು ಅನ್ನುವ ಗೆಳೆಯರಿದ್ದಾರೆ. ಹೋದದ್ದು ನಮ್ಮ ಗಂಟೇ, ಲೆಕ್ಕ ಕೇಳ್ರಿ.

1853ರಲ್ಲಿ ನಿಜಾಮ ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ಖರ್ಚಿಗಾಗಿ ಬೀರಾರದ ಜೊತೆಗೆ ರಾಯಚೂರು ದೋಆಬನ್ನೂ ಕಂಪನಿಯ ಕೈಗಿಟ್ಟ. 1860ರವರೆಗೆ ದೇವದುರ್ಗ, ಮಾನ್ವಿ ಸೀಮೆಯ ಎರೆಹೊಲದ ಕಂದಾಯ ಆ ದಂಡಿನ ಪಗಾರಕ್ಕೆ. ಮಸರಕಲ್ಲಿನಂಥ ಊರಾಗ ಜೀತಗಾರ ಬೆಳೆದ ಜೋಳವೂ ಅದರಾಗ ಬಂತು. 1858ರಲ್ಲಿ ಆ ದಂಡು ಕೃಷ್ಣೆಯ ಆಚೆ ದಡದ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಏರಿಹೋಯಿತು. ಮಧ್ಯ ಭಾರತದಲ್ಲಿ ಹ್ಯೂ ರೋಸ್‌ನ ಬೆನ್ನಿಗೂ ನಿಂತಿತು. ಅಲ್ಲಿ ಕಾದಿದವರಿಗೆ 'ಸೆಂಟ್ರಲ್ ಇಂಡಿಯಾ' ಎಂಬ ಪಟ್ಟಿಯ ಬೆಳ್ಳಿ ಬಿಲ್ಲೆ. ಇವತ್ತು ಹರಾಜಿನಲ್ಲಿ ಅದನ್ನು ಕೂಗುವವರು ಅಂಚಿನ ಮೇಲಿನ ಹೆಸರು ಓದುತ್ತಾರೆ. ತೆರಿಗೆ ತೆತ್ತವನ ಹೆಸರು ಯಾವ ಅಂಚಿನಲ್ಲಿದೆ?

ಇನ್ನು ಲೋಹ ನೋಡ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಬಿಲ್ಲೆ ಹೊಡೆಸಿತು. ಸಿಂಹ ಹುಲಿಯನ್ನು ಕೆಡವಿದ ಚಿತ್ರ. ದೊಡ್ಡವರಿಗೆ ಚಿನ್ನ, ಅವರ ಕೆಳಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲೆ ಬೆಳ್ಳಿ, ಆಮೇಲೆ ಕಂಚು, ಸಿಪಾಯಿಗೆ ತವರ. ಐದು ಮೆಟ್ಟಿಲು! ಮನು ನಾಲ್ಕಕ್ಕೇ ನಿಲ್ಲಿಸಿದ್ದ.

ತವರವೂ ದೊಡ್ಡದೇ. 1885-87ರ ಬರ್ಮಾ ಯುದ್ಧದ ಬಿಲ್ಲೆ ಬಂದೂಕು ಹಿಡಿದವನಿಗೆ ಬೆಳ್ಳಿಯದು. ನೀರು ಹೊತ್ತ ಭಿಸ್ತಿಗೆ, ಡೋಲಿ ಹೊತ್ತವನಿಗೆ, ಹೇಲು ಬಳಿದವನಿಗೆ ಅದೇ ಅಚ್ಚಿನಲ್ಲಿ ಕಂಚಿನದು. ಅದೇ ಕಾಡು, ಅದೇ ಜ್ವರ, ಅದೇ ಗುಂಡು. ಇಂಥ ಕಂಚಿನ ಬಿಲ್ಲೆಗಳ ಅಂಚಿನಲ್ಲಿ ಹೆಸರಿನ ಜೊತೆ 'ಭಿಸ್ತಿ', 'ಸ್ವೀಪರ್' ಎಂದು ಕಸಬನ್ನೂ ಕೊರೆದದ್ದಿದೆ. ಎದೆಗೆ ಬಿಲ್ಲೆ ಚುಚ್ಚುವಾಗಲೂ ಕೈಯೊಳಗಿನ ಕಸಬರಿಗೆ ಬಿಡಿಸಲಿಲ್ಲ.

ವೀರರ ನೆನಪು ಉಳಿಸುತ್ತೇವೆ ಅಂತಾರೆ ಈ ಶೋಕೀದಾರರು. ಅಧಿಕಾರಿಯ ತೋಳಿನ ಜರಿ ಹೊಗಳುವವರು ಸೂಜಿ ಹಿಡಿದವನನ್ನು ಎಂದಾದರೂ ಕೇಳಿದ್ದಾರೇನು? ನೆನಪು ಹೇಗಿರಬೇಕೆಂದು ಬಾಬಾಸಾಹೇಬರು ತೋರಿಸಿದರು. 1818ರ ಕಾಳಗದಲ್ಲಿ ಬಿದ್ದ ಮಹಾರ್ ಸಿಪಾಯಿಗಳ ಹೆಸರಿರುವ ಕೋರೆಗಾಂವ್ ಕಂಬದ ಹತ್ತಿರ 1927ರ ಜನವರಿ 1ರಂದು ನಿಂತರು. ಆ ಹೆಸರು ಕೆತ್ತಿಸಿದ ಬ್ರಿಟಿಷರೇ 1890ರ ದಶಕದಲ್ಲಿ ಮಹಾರರ ಭರ್ತಿ ಬಂದ್ ಮಾಡಿದ್ದರು. ಬಯಲಾಗಿನ ಕಂಬ ಅದು, ಬರಿಗಾಲಿನವನೂ ಮುಟ್ಟಬಹುದು.

ಮಾಸ್ತರರೇ, ನಿಮ್ಮ ಊರ ಕೇರಿಯಾಗ ಯಾರ ಟ್ರಂಕಿನಲ್ಲಾದರೂ ಕಂಚಿನ ಬಿಲ್ಲೆ ಇದ್ದರೆ, ಕೊಳ್ಳುವವನು ಬರೋದಕ್ಕ ಮೊದಲು ಹುಡುಗರನ್ನ ಕಳಿಸಿ ಬರೆಸ್ರಿ: ಯಾರದು, ಎಲ್ಲಿಗೆ ಹೋಗಿದ್ದ, ಏನು ಹೊತ್ತಿದ್ದ, ತಿರುಗಿ ಬಂದ ಮೇಲೆ ಊರಬಾವಿಯ ನೀರು ಮುಟ್ಟಾಕ ಬಿಟ್ಟರೋ ಇಲ್ಲೋ.