ಲಾಭದ ಲೆಕ್ಕದಲ್ಲಿ ಕಾಣದ ಟೊಳ್ಳು

ಮನೆ ಕಟ್ಟುವ ಕಂಪನಿಯ ಸಾಧನೆಯನ್ನು ಯಾವುದರಿಂದ ಅಳೆಯಬೇಕು? ಬ್ರಿಟನ್ನಿನ ಪರ್ಸಿಮನ್ ಕಂಪನಿ 2018ರಲ್ಲಿ 16,449 ಮನೆಗಳನ್ನು ಮಾರಿ, ತೆರಿಗೆಗೆ ಮುನ್ನ 109 ಕೋಟಿ ಪೌಂಡ್ ಲಾಭ ತೋರಿಸಿತು. ಮನೆಯೊಂದಕ್ಕೆ ಸುಮಾರು 66,000 ಪೌಂಡ್! ಮಾರಾಟವಾದ ಮನೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ಸರ್ಕಾರವು 2013ರಲ್ಲಿ ಆರಂಭಿಸಿದ ‘ಹೆಲ್ಪ್ ಟು ಬೈ’ ಸಾಲದ ಊರುಗೋಲಿತ್ತು. ಸಾಲ ಜನರ ತೆರಿಗೆಯದು, ಸುಮಾರು 7.5 ಕೋಟಿ ಪೌಂಡ್ ಬೋನಸ್ ಮುಖ್ಯಾಧಿಕಾರಿಯದು. ಜನಾಕ್ರೋಶ ತಣಿಯದಿದ್ದಾಗ, 2018ರ ನವೆಂಬರಿನಲ್ಲಿ ಆತ ಹುದ್ದೆ ತೊರೆಯಬೇಕಾಯಿತು.

2019ರ ಡಿಸೆಂಬರಿನಲ್ಲಿ ಸ್ವತಂತ್ರ ಪರಿಶೀಲನಾ ವರದಿಯೊಂದು ಹೊರಬಂದಿತು. ಮರದ ಚೌಕಟ್ಟಿನ ಮನೆಗಳಲ್ಲಿ, ಗೋಡೆಯ ಟೊಳ್ಳಿನೊಳಗೆ ಬೆಂಕಿ ಹರಡದಂತೆ ಇಡಬೇಕಾದ ತಡೆಗಳು ಹಲವೆಡೆ ಇರಲಿಲ್ಲ, ಇಲ್ಲವೇ ಸರಿಯಾಗಿ ಕೂರಿಸಿರಲಿಲ್ಲ. ಇದು ದೇಶವ್ಯಾಪಿ ದೋಷವೆಂದು ವರದಿ ಸಾರಿತು.

ಫಸಲನ್ನು ತೂಗಿ ಬೇರುಕೊಳೆಯನ್ನು ಮರೆತ ತೋಟದ ಲೆಕ್ಕವಿದು. ಗುಡ್ಡ ಕಡಿದು ಬಡಾವಣೆ ಮಾಡಬಯಸುವ ಯಾವುದೇ ಕಂಪನಿ ತನ್ನ ಬಣ್ಣದ ವಾರ್ಷಿಕ ವರದಿಯನ್ನು ಮುಂದೊಡ್ಡಿದಾಗ, ಮಲೆನಾಡಿಗರು ಲಾಭದ ಅಂಕಿಗೆ ಬೆರಗಾಗದೆ ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಲಾಭಕ್ಕೆ ಯಾರ ಹಣ ಹರಿದಿದೆ? ಗೋಡೆಯೊಳಗೆ, ಗೋಡೆಯಡಿಯ ಮಣ್ಣಿನೊಳಗೆ ಏನಿದೆ?