ನದಿಯೂ ಒಂದು ದ್ವೀಪವೇ

ಭೌತಶಾಸ್ತ್ರವನ್ನು ಬೋಧಿಸುವವನಿಗೆ ಮೀನಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಮೀನು ನೀರಿನಲ್ಲಿ ಬಾಳುತ್ತದೆ. ನೀರಿನ ಚಲನೆ, ಉಷ್ಣತೆ, ಅದರಲ್ಲಿ ಕರಗಿದ ವಾಯು ಇವೆಲ್ಲವೂ ಭೌತಶಾಸ್ತ್ರದ ವಿಷಯಗಳೇ ಆಗಿವೆ. ಆದುದರಿಂದ ಈ ಮಾತನ್ನೆತ್ತಲು ನನಗೂ ಅಷ್ಟಿಷ್ಟು ಅಧಿಕಾರವುಂಟೆಂದು ಭಾವಿಸುತ್ತೇನೆ.

ದೇವದುರ್ಗ ತಾಲ್ಲೂಕಿನ ಗೂಗಲ್ ಗ್ರಾಮದ ಬಳಿ ಕೃಷ್ಣಾನದಿಗೆ ಅಡ್ಡಲಾಗಿ ಸೇತುವೆಯೊಡಗೂಡಿದ ಬ್ಯಾರೇಜೊಂದಿದೆ. ಅದರ ಬಾಗಿಲುಗಳನ್ನು ಮುಚ್ಚಿದಾಗ ಮೇಲ್ಗಡೆಯ ಹೊಳೆ ಕೆರೆಯಂತೆ ನಿಲ್ಲುತ್ತದೆ. ಬರಗಾಲವನ್ನು ಬಲ್ಲ ಈ ಸೀಮೆಗೆ ಆ ನೀರು ಎಷ್ಟು ಅಗತ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹರಿಯುವ ನೀರು, ನಿಂತ ನೀರು ಇವೆರಡೂ ನಮಗೆ ಒಂದೇ ಆದರೂ ಮೀನಿಗೆ ಒಂದೇ ಅಲ್ಲ.

ಇದಕ್ಕೆ ಕಾರಣವು ಸರಳವಾದುದು. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಮೇಲಾಗಿ, ಆಮ್ಲಜನಕದ ಕಣಗಳು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಬಂಡೆಗಳ ಮೇಲೆ ನೊರೆಯುಕ್ಕಿ ಹರಿಯುವ ನೀರು ಗಾಳಿಯನ್ನು ತಾನೇ ಕಲಸಿಕೊಂಡು ಆಳಕ್ಕೆ ಒಯ್ಯುತ್ತದೆ; ನಿಂತ ನೀರಿಗೆ ಈ ಸೌಕರ್ಯವಿಲ್ಲ. ಹರಿವು ನಿಂತೊಡನೆ ಅದು ಹೊತ್ತು ತಂದ ಹೂಳೂ ಕೆಳಗಿಳಿದು ಕಲ್ಲುಹರಳುಗಳನ್ನು ಮುಚ್ಚುತ್ತದೆ. ಹರಿಯುವ ನೀರಿನ ಹರಳುಗಳ ನಡುವೆ ಮೊಟ್ಟೆಯಿಡುವ ಮಹಶೀರ್‌ನಂತಹ ಮೀನುಗಳು ಆಗ ಎಲ್ಲಿಗೆ ಹೋಗಬೇಕು?

ಇದು ಒಂದು ಕಷ್ಟ. ಇನ್ನೊಂದು ಕಷ್ಟವನ್ನು ನಾವು ಉಪಕಾರವೆಂದು ತಿಳಿದೇ ತಂದೊಡ್ಡುತ್ತಿದ್ದೇವೆ. ಮೀನಿನ ಮರಿಗಳನ್ನು ಎಲ್ಲಿಂದಲೋ ತಂದು ನದಿಗೆ ಬಿಟ್ಟರೆ ನದಿಯು ಸಮೃದ್ಧವಾಗುವುದೆಂಬ ನಂಬಿಕೆಯೇ ಅದು.

ಸಿಹಿನೀರಿನ ಮೀನಿಗೆ ನೆಲವೇ ಸಮುದ್ರವೆಂಬುದನ್ನು ನಾವು ಮರೆಯುತ್ತೇವೆ. ಕೃಷ್ಣೆಯ ಮೀನು ನಡುವಣ ದಿಣ್ಣೆಯನ್ನು ದಾಟಿ ಕಾವೇರಿಗೆ ಹೋಗಲಾರದು. ಆದುದರಿಂದ ಒಂದೊಂದು ನದಿಯ ಜಲಾನಯನವೂ ಒಂದೊಂದು ದ್ವೀಪವಿದ್ದಂತೆ. ಅಲ್ಲಿನ ಜೀವಿಗಳು ಲಕ್ಷಾಂತರ ವರ್ಷಗಳಲ್ಲಿ ತಮ್ಮದೇ ರೀತಿಯಲ್ಲಿ ರೂಪುಗೊಂಡಿರುತ್ತವೆ. ಮೂಗಿನ ಮೇಲೆ ಗುಬುಟುಳ್ಳ ‘ನುಕ್ತಾ’ ಎಂಬ ಮೀನು ಕೃಷ್ಣಾ ಜಲಾನಯನದ ಇಂತಹ ಸ್ವಂತ ಸೊತ್ತು.

ದ್ವೀಪದ ಮೀನುಗಳಿಗೆ ಒದಗಿದ ಗತಿಯನ್ನು ಫಿಲಿಪೀನ್ಸಿನ ಮಿಂದನಾವೊ ದ್ವೀಪದಲ್ಲಿ ನೋಡಬಹುದು. ಅಲ್ಲಿಯ ಲನಾವೊ ಸರೋವರದಲ್ಲಿ, ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಗೆಂಡೆಜಾತಿಯ ಮೀನುಗಳ ಒಂದು ಬಳಗವೇ ಇದ್ದಿತು. ಹೊರಗಿನಿಂದ ಬಂದು ಸೇರಿದ ಮಾಂಸಾಹಾರಿ ಮೀನುಗಳು ಅವನ್ನು ತಿಂದು ಹಾಕಿದುವು. ಮಿತಿಮೀರಿದ ಬೇಟೆಯೂ ಕೂಡಿಕೊಂಡಿತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಅವುಗಳ ಪೈಕಿ 15 ಜಾತಿಗಳು ನಿರ್ನಾಮವಾದುವೆಂದು ಸಾರಿತು.

ಅಷ್ಟು ದೂರ ಹೋಗುವುದೇಕೆ? ನಮ್ಮ ಕಾವೇರಿಯ ಕಥೆಯೇ ಇದೆ. ಪುಣೆಯ ಬಳಿಯ ಮುಳಾ-ಮುಠಾ ನದಿಯ ಮಹಶೀರನ್ನು ಸೈಕ್ಸ್ ಎಂಬ ಆಂಗ್ಲ ಸೇನಾಧಿಕಾರಿಯು 1839ರಲ್ಲಿ ‘ಖುದ್ರಿ’ ಎಂದು ಹೆಸರಿಸಿ ವರ್ಣಿಸಿದನು. ಆ ನದಿಯ ನೀರು ಭೀಮೆಯನ್ನು ಕೂಡಿ, ರಾಯಚೂರು ಸೀಮೆಯ ಅಂಚಿನಲ್ಲಿ ಕೃಷ್ಣೆಗೆ ಬಂದು ಬೀಳುತ್ತದೆ. ಲೋನಾವಳದಲ್ಲಿ ಈ ಮೀನಿನ ಮರಿಗಳನ್ನು ಬೆಳೆಸುವ ವಿಧಾನವು ಕೈಗೂಡಿದ ಮೇಲೆ, 1970ರ ದಶಕದಿಂದ ಅವನ್ನು ಕಾವೇರಿಗೂ ಬಿಟ್ಟರು. ಉದ್ದೇಶವು ಮಹಶೀರನ್ನು ಉಳಿಸುವುದೇ ಆಗಿದ್ದಿತು. ಆದರೆ ಕಾವೇರಿಯ ಸ್ವಂತದ, ಬೆನ್ನುಬ್ಬಿನ ದೈತ್ಯ ಮಹಶೀರು ಹಿನ್ನಡೆದು ಹೊಸಬನೇ ಹೊಳೆಯನ್ನು ತುಂಬಿತು. ಬೆನ್ನುಬ್ಬಿನ ಮೀನಿನ ಶಾಸ್ತ್ರೀಯ ನಾಮವು ‘ಟಾರ್ ರಮಾದೇವಿ’ ಎಂದು ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಮ್ಮ ಕೃಷ್ಣೆಯ ಸೀಮೆಯ ಸಾಧುವಾದ ಮೀನೇ ಇನ್ನೊಂದು ನದಿಯಲ್ಲಿ ಆಕ್ರಮಣಕಾರಿಯಾಯಿತು!

ಮೀನು ಬಡವನ ಆಹಾರ; ಬೆಸ್ತನ ಬದುಕು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಕಟಕದಲ್ಲಿ ಗೆಂಡೆಮೀನುಗಳಿಗೆ ಗ್ರಂಥಿರಸದ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿದುದು ದೇಶಕ್ಕೆ ದೊಡ್ಡ ಉಪಕಾರವಾಯಿತು. ಕಾಟ್ಲಾ, ರೋಹು ಮೀನುಗಳನ್ನು ಕೆರೆಕೊಳಗಳಲ್ಲಿ ಸಾಕುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಗಂಗೆಯ ಮೀನಿಗೆ ಕೃಷ್ಣೆ ಪರದೇಶವೇ. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯವಂತೂ ಸರಿಯೇ ಸರಿ. ಹೊಳೆಗೆ ಬಿಡುವುದಾದರೆ ಆ ಹೊಳೆಯ ಕೆಮ್ಮೀನು, ಮಹಶೀರುಗಳ ಮರಿಗಳನ್ನೇ ಬಿಡಲಿ. ಅದೇ ಚುಚ್ಚುಮದ್ದಿನ ವಿದ್ಯೆಯು ಇವಕ್ಕೂ ಉಪಯೋಗಕ್ಕೆ ಬರಲಿ. ಬೇಸಗೆಯಲ್ಲಿಯೂ ಬ್ಯಾರೇಜಿನಿಂದ ಒಂದಿಷ್ಟು ನೀರು ಹರಿಯುವಂತಿರಲಿ. ಇವೆರಡೂ ಅಸಾಧ್ಯವಾದ ಕೋರಿಕೆಗಳಲ್ಲ.

ವಿದ್ಯಾರ್ಥಿಮಿತ್ರರಿಗೂ ಇದರಲ್ಲಿ ಕೆಲಸವಿದೆ. ಸೈಕ್ಸನು ಕೊಟ್ಟ ಖುದ್ರಿ, ಕೋಲಸ್, ನುಕ್ತಾ ಮುಂತಾದ ಹೆಸರುಗಳು ಅವನ ಕಲ್ಪನೆಯವಲ್ಲ. ಸ್ಥಳೀಯರ ಬಾಯಲ್ಲಿದ್ದುವನ್ನೇ ಅವನು ಶಾಸ್ತ್ರಕ್ಕೆ ಸೇರಿಸಿದನು. ಗೂಗಲ್, ದೇವದುರ್ಗ, ಮಾನ್ವಿಗಳ ತರುಣರು ತಮ್ಮೂರಿನ ಹಿರಿಯ ಬೆಸ್ತರನ್ನು ಕೇಳಿ, ಯಾವ ಮೀನನ್ನು ಏನೆಂದು ಕರೆಯುವರು, ಅದು ಯಾವ ತಿಂಗಳಲ್ಲಿ ಬಲೆಗೆ ಬೀಳುತ್ತಿದ್ದಿತು, ಈಗಲೂ ಬೀಳುವುದೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ತೂಗಲಿ, ಅಳೆಯಲಿ, ಒಂದು ಉಷ್ಣಮಾಪಕವನ್ನು ನೀರಿಗಿಳಿಸಿ ಅಂಕಿಯನ್ನು ಗುರುತಿಸಲಿ. ವಿಜ್ಞಾನವು ಹೀಗೆಯೇ ಆರಂಭವಾಗುತ್ತದೆ. ಏನಿದ್ದಿತೆಂಬುದೇ ತಿಳಿಯದಿದ್ದರೆ, ಏನನ್ನು ಕಳೆದುಕೊಂಡೆವೆಂಬುದೂ ನಮಗೆ ತಿಳಿಯದೆ ಹೋಗುತ್ತದೆ.