ಶನಿವಾರದ ಡಿಗ್ರಿ, ಅನಕಾಪಲ್ಲಿಯ ಬೆಲ್ಲ

ಬಿ.ಎಸ್ಸಿ. ಅಥವಾ ಬಿ.ಸಿ.ಎ. ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದವರಿಗೆ ‘ಶನಿವಾರದ ಡಿಗ್ರಿ’ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ, ಶನಿವಾರ ಭಾನುವಾರ ಕ್ಲಾಸು. ಮದುವೆ, ಗೃಹಪ್ರವೇಶ, ಊರ ಜಾತ್ರೆ ಎಲ್ಲ ತಪ್ಪಿಸಿಕೊಂಡು ಕೊನೆಗೊಂದು ಎಂ.ಟೆಕ್. ಅಥವಾ ಎಂ.ಎಸ್. ವಿಪ್ರೊ ಕಂಪನಿ ಬಿಟ್ಸ್ ಪಿಲಾನಿಯ ಜೊತೆ ಸೇರಿ 1995ರಲ್ಲಿ ಇಂಥದೊಂದು ಕೋರ್ಸು ಆರಂಭಿಸಿದ ಮೇಲೆ, ಬೆಂಗಳೂರು ಹೈದರಾಬಾದುಗಳಲ್ಲಿ ಸಾವಿರಾರು ಮಂದಿ ಇದೇ ದಾರಿಯಲ್ಲಿ ಇಂಜಿನಿಯರುಗಳ ಸಾಲಿಗೆ ಬಂದು ನಿಂತಿದ್ದಾರೆ. ನನ್ನ ಸ್ನಾತಕೋತ್ತರ ಪದವಿಯೂ ಇಂಥದ್ದೇ.

ಕ್ಲಾಸು, ಅಸೈನ್‌ಮೆಂಟು, ಪರೀಕ್ಷೆ ಇವನ್ನೆಲ್ಲ ಹೇಗೋ ದಾಟಿಬಿಡಬಹುದು. ಹುಡುಗರು ಸಿಕ್ಕಿಹಾಕಿಕೊಳ್ಳುವುದು ಕೊನೆಯ ಸೆಮಿಸ್ಟರಿನ ಡಿಸರ್ಟೇಶನ್‌ನಲ್ಲಿ. ಮಾಡುತ್ತಿರುವ ಕೆಲಸದಿಂದಲೇ ಒಂದು ವಿಷಯ ಹುಡುಕಬೇಕು. ಮೊದಲು ಅದರ ರೂಪುರೇಷೆ ಕಳಿಸಬೇಕು, ನಡುವೆ ಒಂದು ವರದಿ, ಕೊನೆಗೆ ಪೂರ್ತಿ ಪ್ರಬಂಧ, ಆಮೇಲೆ ವೈವಾ. ಆಫೀಸಿನಲ್ಲಿ ಒಬ್ಬರು ಮೇಲ್ವಿಚಾರಕರು, ಕಾಲೇಜಿನ ಕಡೆಯಿಂದ ಒಬ್ಬರು ಪ್ರಾಧ್ಯಾಪಕರು. ಇಬ್ಬರು ಯಜಮಾನರು ಅನ್ನಿ. ಆಫೀಸಿನವರು ಕೇಳುವುದು ‘ಕೆಲಸ ಆಯ್ತಾ?’ ಎಂದು. ಕಾಲೇಜಿನವರು ಕೇಳುವುದು ‘ಆಯ್ತು ಅಂತ ನಿನಗೆ ಹೇಗೆ ಗೊತ್ತು?’ ಎಂದು. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಅಲ್ಲ. ಐದಾರು ವರ್ಷ ಬರೀ ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟು ಅಭ್ಯಾಸವಾದವರಿಗೆ ಎರಡನೆಯದು ಎದುರಾದಾಗ ಬಾಯಿ ಕಟ್ಟುತ್ತದೆ.

ಓದು ಮತ್ತು ಕೆಲಸವನ್ನು ಹೀಗೆ ಹೆಣೆಯುವ ಪದ್ಧತಿಗೆ ನೂರು ವರ್ಷ ಮೀರಿದೆ. 1906ರಲ್ಲಿ ಅಮೆರಿಕದ ಸಿನ್‌ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕ 27 ವಿದ್ಯಾರ್ಥಿಗಳೊಂದಿಗೆ ಇದನ್ನು ಮೊದಲು ಮಾಡಿದ. ಒಂದು ತಂಡ ಕ್ಲಾಸಿನಲ್ಲಿದ್ದಾಗ ಇನ್ನೊಂದು ಕಾರ್ಖಾನೆಯಲ್ಲಿ, ಆಮೇಲೆ ಅದಲು ಬದಲು. ನಮ್ಮಲ್ಲಿ ಬಿಟ್ಸ್ ಪಿಲಾನಿ 1973ರಿಂದ ನಡೆಸುತ್ತಿರುವ ‘ಪ್ರಾಕ್ಟೀಸ್ ಸ್ಕೂಲ್’ ಕೂಡ ವಿದ್ಯಾರ್ಥಿಯನ್ನು ಐದೂವರೆ ತಿಂಗಳು ಪೂರ್ತಿಯಾಗಿ ಉದ್ಯಮಕ್ಕೆ ಬಿಟ್ಟುಕೊಡುತ್ತದೆ. ಎರಡರಲ್ಲೂ ಒಂದು ಸಮಯಕ್ಕೆ ಒಂದೇ ಹೊರೆ. ಶನಿವಾರದ ಡಿಗ್ರಿಯವರಿಗೆ ಈ ಭಾಗ್ಯವಿಲ್ಲ. ಸ್ಪ್ರಿಂಟ್ ನಿಲ್ಲುವುದಿಲ್ಲ, ಥೀಸಿಸ್ಸೂ ಕಾಯುವುದಿಲ್ಲ. ರಾತ್ರಿ ಹತ್ತರ ಮೇಲೆ ಬರೆದ ಪ್ರಬಂಧ ರಾತ್ರಿ ಹತ್ತರ ಮೇಲಿನ ಪ್ರಬಂಧದ ಹಾಗೇ ಇರುತ್ತದೆ. ಬೆಂಗಳೂರಿನ ವಿಜಯನಗರದಿಂದ ಹೈದರಾಬಾದಿನ ಅಮೀರ್‌ಪೇಟೆಯವರೆಗೆ ‘ರೆಡಿಮೇಡ್ ಪ್ರಾಜೆಕ್ಟ್’ ಬೋರ್ಡುಗಳು ಸುಮ್ಮನೆ ನೇತಾಡುತ್ತಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ನಮ್ಮ ತಂಡದ ಒಬ್ಬ ಹುಡುಗನ ಕಥೆ ಹೇಳಲಿಕ್ಕೆ. ಮದ್ದೂರಿನ ಕಡೆಯವನು, ಬಿ.ಸಿ.ಎ. ಓದಿದವನು, ವಿಶಾಖಪಟ್ಟಣದ ನಮ್ಮ ಆಫೀಸಿಗೆ ಬಂದು ಮೂರು ವರ್ಷ. ಇಲ್ಲಿ ಕನ್ನಡ ಮಾತಾಡುವವರು ಕಡಿಮೆ, ಹಾಗಾಗಿ ಆಫೀಸಿನಲ್ಲಿ ‘ಸಾರ್’ ಎನ್ನುವವನು ಕೆಳಗೆ ಟೀ ಅಂಗಡಿಗೆ ಇಳಿದ ಕೂಡಲೇ ‘ಅಣ್ಣ’ ಎನ್ನುತ್ತಾನೆ. ಅವನ ಮುಂದಿನ ಬಡ್ತಿಗೆ ಎಂ.ಟೆಕ್. ಬೇಕೇ ಬೇಕಿತ್ತು. ಮೂರು ಸೆಮಿಸ್ಟರಿನ ಫೀಸಿನಲ್ಲಿ ಒಂದಕ್ಕೆ ಅವರಪ್ಪ ಊರಲ್ಲಿ ಕೈಸಾಲ ಮಾಡಿದ್ದರು. ಆಫೀಸಿನ ಕಡೆಯ ಮೇಲ್ವಿಚಾರಕ ನಾನು.

ಅವನ ವಿಷಯ ಚೆನ್ನಾಗಿತ್ತು. ಔಷಧ ಕಾರ್ಖಾನೆಯೊಂದರಲ್ಲಿ ಬೆಲ್ಟಿನ ಮೇಲೆ ಸಾಗುವ ಮಾತ್ರೆಗಳನ್ನು ಕ್ಯಾಮೆರಾ ನೋಡುತ್ತದೆ, ಅಂಚು ಮುರಿದದ್ದು, ಬಣ್ಣ ಕೆಟ್ಟದ್ದು ಇದ್ದರೆ ಹೇಳುತ್ತದೆ. ಆ ತಂತ್ರಾಂಶದ ಒಂದು ಭಾಗ ಇವನದು. ಅನಕಾಪಲ್ಲಿ ಜಿಲ್ಲೆಯ ಪರವಾಡ, ಅಚ್ಯುತಾಪುರಂ ಕಡೆ ಔಷಧ ಕಾರ್ಖಾನೆಗಳು ಬಹಳ, ನಮ್ಮ ಹೊಟ್ಟೆಪಾಡೂ ಅಲ್ಲೇ. ರೂಪುರೇಷೆ ಒಪ್ಪಿಗೆಯಾಯಿತು. ನಡುವಿನ ವರದಿಗೆ ಹತ್ತು ದಿನ ಇರುವಾಗ ಗ್ರಾಹಕ ಕಂಪನಿಯಿಂದ ಎರಡು ಸಾಲಿನ ಇಮೇಲ್ ಬಂತು. ಮಾತ್ರೆಯ ಒಂದು ಚಿತ್ರವೂ, ದೋಷದ ಒಂದು ಅಂಕಿಯೂ ಹೊರಗೆ ಹೋಗುವಂತಿಲ್ಲ. ಗುತ್ತಿಗೆಯಲ್ಲಿ ಹಾಗೆ ಇದ್ದದ್ದು ನಿಜ, ಅವರನ್ನು ದೂರುವಂತಿರಲಿಲ್ಲ. ಆದರೆ ಚಿತ್ರವಿಲ್ಲದೆ, ಅಂಕಿಯಿಲ್ಲದೆ ಥೀಸಿಸ್‌ನಲ್ಲಿ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ ಮಾತ್ರ.

“ಮುಂದಿನ ಸೆಮಿಸ್ಟರಿಗೆ ಹಾಕ್ಕತೀನಿ ಅಣ್ಣ” ಅಂದ. ಮತ್ತೆ ಫೀಸು, ಮತ್ತೆ ಆರು ತಿಂಗಳು. ಅವನ ಮುಖ ನೋಡಿದರೆ ಅದು ಆಗದ ಮಾತೆಂದು ಗೊತ್ತಾಗುತ್ತಿತ್ತು.

ಬೆಲ್ಲದ ಯೋಚನೆ ಹುಟ್ಟಿದ್ದು ಅವನಿಗೇ. ಸಂಕ್ರಾಂತಿ ಆಗಿ ಕೆಲವೇ ದಿನ. ವಿಜಯವಾಡದಿಂದ ರೈಲಿನಲ್ಲಿ ಬಂದರೆ ವಿಶಾಖಪಟ್ಟಣಕ್ಕೆ ಸ್ವಲ್ಪ ಮುಂಚೆ ಸಿಗುವ ಅನಕಾಪಲ್ಲಿ, ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಯ ಕಬ್ಬಿನ ಸಂಶೋಧನಾ ಕೇಂದ್ರ 1913ರದ್ದು. ಆಲೆಮನೆಯ ಹೊಗೆಯಲ್ಲಿ ಬೆಳೆದ ಮಂಡ್ಯ ಜಿಲ್ಲೆಯ ಹುಡುಗನಿಗೆ ಅದು ಪರವೂರು ಅನ್ನಿಸಲೇ ಇಲ್ಲ. ಬಂದ ಮೊದಲ ವರ್ಷವೇ ಹೋಗಿ ನೋಡಿಕೊಂಡು ಬಂದು, “ನಮ್ಮಲ್ಲಿ ಅಚ್ಚು, ಉಂಡೆ, ಬಕೆಟ್ಟು. ಇವರದು ಹತ್ತು ಕೆಜಿ ಮೀರಿದ ದಿಮ್ಮ, ಒಬ್ಬ ಎತ್ತಬೇಕಾದ್ರೆ ಉಸಿರು ಕಟ್ಟಬೇಕು” ಎಂದು ವರದಿ ಒಪ್ಪಿಸಿದ್ದ. ಈಗ ಅವನ ವಾದ ಇಷ್ಟೇ. ಮಾತ್ರೆಯ ಬಣ್ಣ ಕೆಟ್ಟಿದೆಯೇ ಎಂದು ನೋಡುವ ವಿಧಾನವೇ ಬೆಲ್ಲದ ಬಣ್ಣವನ್ನೂ ನೋಡಬಹುದು. ಬೆಲ್ಲಕ್ಕೆ ಗೋಪ್ಯತೆಯ ಗುತ್ತಿಗೆ ಇಲ್ಲ. ಕಾಲೇಜಿನ ಪ್ರಾಧ್ಯಾಪಕರಿಗೆ ಇದ್ದದ್ದನ್ನು ಇದ್ದಹಾಗೆ ಬರೆದೆವು. ವಿಧಾನ ಅದೇ ಇರಲಿ, ವಸ್ತು ಬದಲಾಗಲಿ ಎಂದು ಅವರು ಒಪ್ಪಿದರು.

ಮೊದಲ ವಾರ ಕ್ಯಾಮೆರಾ ಆಟ ಆಡಿಸಿತು. ಫೋನು ತನ್ನಷ್ಟಕ್ಕೆ ತಾನೇ ಬಣ್ಣ ಸರಿಪಡಿಸಿಕೊಳ್ಳುತ್ತದಲ್ಲ, ಅದರಿಂದ ಒಂದೇ ದಿಮ್ಮ ಬೆಳಗ್ಗೆ ಜೇನಿನ ಬಣ್ಣ, ಟಾರ್ಪಾಲಿನ ನೆರಳಿಗೆ ಬಂದರೆ ಕಾಫಿ ಡಿಕಾಕ್ಷನ್. ಪ್ರತಿ ಚಿತ್ರದಲ್ಲೂ ಬೆಲ್ಲದ ಪಕ್ಕ ಬೂದು ಬಣ್ಣದ ಒಂದು ಕಾರ್ಡು ಇಟ್ಟು, ಆ ಕಾರ್ಡು ಎಲ್ಲ ಚಿತ್ರಗಳಲ್ಲೂ ಒಂದೇ ಥರ ಕಾಣುವಂತೆ ಲೆಕ್ಕ ಹೊಂದಿಸಿದ ಮೇಲೆ ಆ ಕಾಟ ತಪ್ಪಿತು.

ನಿಜವಾದ ತೊಡಕು ಬೇರೆ ಇತ್ತು. ಯಂತ್ರಕ್ಕೆ ಕಲಿಸಬೇಕಾದರೆ ‘ಇದು ಮೊದಲ ದರ್ಜೆ, ಇದು ಎರಡನೆಯದು’ ಎಂದು ಯಾರಾದರೂ ಹೇಳಿಕೊಡಬೇಕು. ಮಂಡಿಯ ಇಬ್ಬರು ಹಳೆಯ ವರ್ತಕರು ಒಪ್ಪಿದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸದ ಹಾಗೆ ಅದೇ ದಿಮ್ಮಗಳನ್ನು ಇಬ್ಬರಿಗೂ ತೋರಿಸಿದ. ಎಷ್ಟೋ ಕಡೆ ಇಬ್ಬರ ಮಾತು ಬೇರೆ ಬೇರೆ. ಅದರಲ್ಲಿ ಹಿರಿಯರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಕೆಮೆರಾಕಿ ನಾಲುಕ ಉಂದಾ ಬಾಬೂ?” ಎಂದರಂತೆ. ಕ್ಯಾಮೆರಾಗೆ ನಾಲಿಗೆ ಇದೆಯೇನಪ್ಪಾ ಎಂದು.

ಅವರು ಹಾಗೆ ಕೇಳಿದ್ದು ಬರೀ ತಮಾಷೆಗಲ್ಲ. ಬೆಲ್ಲದ ಬಣ್ಣ ಕಬ್ಬಿನ ತಳಿಯಿಂದ ಬರುತ್ತದೆ, ಮಣ್ಣಿನಿಂದ ಬರುತ್ತದೆ, ಕೊಪ್ಪರಿಗೆಯ ಕೆಳಗಿನ ಬೆಂಕಿಯಿಂದ ಬರುತ್ತದೆ. ಹಾಲಿಗೆ ಹಾಕುವ ಸುಣ್ಣ, ನೊರೆ ತೆಗೆಯಲು ಬಳಸುವ ಬೆಂಡೆ ಗಿಡದ ಲೋಳೆಯೂ ಅದನ್ನು ತೀರ್ಮಾನಿಸುತ್ತವೆ. ಇವ್ಯಾವುದೂ ಇಲ್ಲದೆ ಒಂದು ಹಿಡಿ ಹೈಡ್ರೋಸ್ ಪುಡಿಯಿಂದಲೂ ಬರುತ್ತದೆ. ಪುಡಿ ಹಾಕಿದ ಬೆಲ್ಲ ಆಗ ಬೆಳ್ಳಗೆ ಮಿನುಗುತ್ತದೆ, ಇಟ್ಟರೆ ಕಪ್ಪಾಗುತ್ತದೆ, ತಿಂದವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಆದರೂ ಪೇಟೆಯ ಗಿರಾಕಿಗೆ ಬಿಳಿ ಬೆಲ್ಲವೇ ಬೇಕು. ಮೆಟ್ರೋ ನಗರಗಳಲ್ಲಿ ಕೂತು ಇದನ್ನು ಓದುತ್ತಿರುವ ನಾವೇ ಆ ಗಿರಾಕಿಗಳು, ಅದು ಬೇರೆ ಮಾತು. ಬರೀ ಬಣ್ಣ ನೋಡಿ ದರ್ಜೆ ಹೇಳುವ ಯಂತ್ರ ಮಾಡಿದರೆ ಅದು ಹೈಡ್ರೋಸ್‌ಗೆ ಮೊದಲ ಬಹುಮಾನ ಕೊಡುವ ಯಂತ್ರವಾಗುತ್ತದೆ.

ಇಲ್ಲಿಗೆ ಬಂದಾಗ ಹುಡುಗ ಮತ್ತೆ ಕುಸಿದ. “ಇಬ್ಬರೂ ಒಪ್ಪದಿದ್ರೆ ಯಂತ್ರ ಯಾರನ್ನ ಒಪ್ಪಬೇಕು ಸಾರ್?” ಅಂದ, ಅಳುವ ದನಿಯಲ್ಲಿ. ಟೀ ಅಂಗಡಿಯಲ್ಲೂ ‘ಸಾರ್’ ಎಂದರೆ ಪರಿಸ್ಥಿತಿ ಕೆಟ್ಟಿದೆ ಎಂದು ಅರ್ಥ. ಆದರೆ ಅವನ ಥೀಸಿಸ್ಸಿನ ಪ್ರಶ್ನೆ ಅದೇ ಆಗಿತ್ತು. ಹನ್ನೊಂದು ವಾರ ಅವನ ರೂಪುರೇಷೆಯಲ್ಲಿ ಇಲ್ಲದಿದ್ದ ಪ್ರಶ್ನೆ.

ಇದಕ್ಕೊಂದು ಹಳೆಯ ಅಳತೆಗೋಲು ಇದೆ. ಜೇಕಬ್ ಕೊಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರಲ್ಲಿ ಕೊಟ್ಟದ್ದು, ಹೆಸರು ‘ಕಪ್ಪಾ’. ಲೆಕ್ಕ ಸುಲಭ. ಇಬ್ಬರು ವರ್ತಕರ ಮುಂದೆ ನೂರು ದಿಮ್ಮ ಇದೆ ಅನ್ನಿ. ಇಬ್ಬರೂ ನೂರಕ್ಕೆ 80ನ್ನು ‘ಒಳ್ಳೆಯದು’ ಅನ್ನುವ ಸ್ವಭಾವದವರು. ಹಾಗಿದ್ದರೆ ಕಣ್ಣು ಮುಚ್ಚಿ ಹೇಳಿದರೂ 64 ಕಡೆ ಇಬ್ಬರೂ ‘ಒಳ್ಳೆಯದು’, 4 ಕಡೆ ಇಬ್ಬರೂ ‘ಕೆಟ್ಟದ್ದು’ ಅಂದಿರುತ್ತಾರೆ. ಒಟ್ಟು 68 ಕಡೆ ಒಮ್ಮತ, ಬೆಲ್ಲ ನೋಡದೆಯೇ! ಈಗ ನಿಜವಾಗಿ ನೋಡಿ ಹೇಳಿದಾಗ 84 ಕಡೆ ಒಪ್ಪಿದರು ಅಂದುಕೊಳ್ಳಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಪುಕ್ಕಟೆ ಬಂದ 68ನ್ನು ಕಳೆದರೆ, ಗಳಿಸಬಹುದಾದ 32ರಲ್ಲಿ ಗಳಿಸಿದ್ದು 16, ಅಂದರೆ ಕಪ್ಪಾ 0.5. ‘ನಮ್ಮ ಮಾಡೆಲ್ ಶೇಕಡಾ 84 ನಿಖರ’ ಎಂದು ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಬರೆಯುವ ನಮ್ಮ ಕಸುಬಿನವರು ಈ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಮಾಡಿ ನೋಡಬೇಕು.

ಅವನು ಉಳಿದ ವಾರಗಳಲ್ಲಿ ಮಾಡಿದ್ದು ಇದನ್ನೇ. ವರ್ತಕರ ನಡುವಿನ ಕಪ್ಪಾ ಎಷ್ಟು, ಯಂತ್ರ ಮತ್ತು ಪ್ರತಿ ವರ್ತಕರ ನಡುವಿನದು ಎಷ್ಟು? ಎರಡೂ ಹೆಚ್ಚುಕಡಿಮೆ ಒಂದೇ ಬಂತು. ಯಂತ್ರ ಮನುಷ್ಯರಿಗಿಂತ ಮೇಲೂ ಅಲ್ಲ, ಕೆಳಗೂ ಅಲ್ಲ. ಅವರಿಬ್ಬರು ಜಗಳವಾಡುವ ಕಡೆಯಲ್ಲೇ ಇದೂ ತಡವರಿಸುತ್ತಿತ್ತು. ಕೊನೆಯ ಅಧ್ಯಾಯದಲ್ಲಿ ‘ಬಣ್ಣವನ್ನು ಗುಣಮಟ್ಟ ಎಂದು ಓದಬಾರದು’ ಎಂಬ ಭಾಗಕ್ಕೆ ನಾಲ್ಕು ಪುಟ ಕೊಟ್ಟ. ನಮ್ಮ ಮ್ಯಾನೇಜರ್ ಒಬ್ಬರಿಗೆ ಅದು ಹಿಡಿಸಲಿಲ್ಲ. ನಮ್ಮ ಉತ್ಪನ್ನದ ಕೊರತೆಯನ್ನು ನಾವೇ ಯಾಕೆ ಹೇಳಿಕೊಳ್ಳಬೇಕು ಎಂದರು. ಥೀಸಿಸ್ಸು ಬ್ರೋಷರ್ ಅಲ್ಲ ಎಂದು ವಾದಿಸಿ ಆ ನಾಲ್ಕು ಪುಟ ಉಳಿಸಿಕೊಂಡೆವು.

ವೈವಾ ಆನ್‌ಲೈನ್. ಪರೀಕ್ಷಕರು ಮಾಡೆಲಿನ ಪದರಗಳ ಬಗ್ಗೆ ಒಂದು ಪ್ರಶ್ನೆ ಕೇಳಿ ಬಿಟ್ಟರು. ಆ ನಾಲ್ಕು ಪುಟಗಳ ಮೇಲೆ ಇಪ್ಪತ್ತು ನಿಮಿಷ ಹಿಡಿದರು. “ಹಾಗಾದರೆ ವರ್ತಕರೇ ತಪ್ಪಿರಬಹುದಲ್ಲ?” ಎಂದಾಗ ಇವನು, ತಪ್ಪು ಅನ್ನುವುದಕ್ಕೆ ಮೂರನೆಯ ಆಧಾರ ಬೇಕು, ಪ್ರಯೋಗಾಲಯದಲ್ಲಿ ಸಕ್ಕರೆ ಅಂಶ, ಗಂಧಕದ ಅಂಶ ಅಳೆಯಬೇಕು, ಅದನ್ನು ನಾನು ಮಾಡಿಲ್ಲ ಎಂದು ಚುಟುಕಾಗಿ ಹೇಳಿದ. ನನಗೆ ಅವನು ಪಾಸಾದದ್ದು ಆ ಕ್ಷಣ ಗೊತ್ತಾಯಿತು. ಫಲಿತಾಂಶ ಬಂದದ್ದು ತಿಂಗಳ ಮೇಲೆ, ಬಡ್ತಿ ಇನ್ನೂ ತಡವಾಗಿ. ಅಪ್ಪನ ಕೈಸಾಲ ತೀರಿಸಿದ್ದಾನೆ.

ಗುತ್ತಿಗೆಯ ವಿಚಾರ ಮಾತ್ರ ಈ ದಾರಿಯಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ. ಯಾವ ದತ್ತಾಂಶ ಪ್ರಬಂಧದಲ್ಲಿ ಬರಬಹುದು ಎನ್ನುವುದನ್ನು ರೂಪುರೇಷೆ ಕಳಿಸುವ ಮೊದಲೇ ಗ್ರಾಹಕರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಬಾಯಿಮಾತಿನ ‘ಓಕೆ’ ಕಾನೂನು ವಿಭಾಗದ ಮುಂದೆ ನಿಲ್ಲುವುದಿಲ್ಲ. ಆಂಧ್ರದಲ್ಲಂತೂ 2020-21ರ ಪಠ್ಯಕ್ರಮ ಸಾಮಾನ್ಯ ಪದವಿಯವರಿಗೂ ಹತ್ತು ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು. ಕರ್ನಾಟಕದ ವಿ.ಟಿ.ಯು. ಕೂಡ 2022ರ ಸ್ಕೀಮಿನಲ್ಲಿ ಕೊನೆಯ ವರ್ಷಕ್ಕೆ ದೀರ್ಘ ಇಂಟರ್ನ್‌ಶಿಪ್ ಇಟ್ಟಿದೆ. ಇದೇ ಇಮೇಲ್ ಇನ್ನು ಬಹಳ ಮಕ್ಕಳಿಗೆ ಬರಲಿಕ್ಕಿದೆ.

ನಮ್ಮ ತಂಡದಲ್ಲೇ ವಿಜಯವಾಡದ ಒಬ್ಬ ಹುಡುಗಿ ಈ ಸೆಮಿಸ್ಟರಿಗೆ ಹೆಸರು ಕೊಟ್ಟಿದ್ದಾಳೆ. ಮೊನ್ನೆ ಎರಡು ಪುಟದ ರೂಪುರೇಷೆ ತಂದು ಕೊಟ್ಟಳು. ‘ಅಭಿವೃದ್ಧಿಪಡಿಸಲಾಗುವುದು’ ಎಂಬರ್ಥದ ಮಾತು ಐದು ಕಡೆ ಇತ್ತು, ಪ್ರಶ್ನೆಯ ಚಿಹ್ನೆ ಎಲ್ಲೂ ಇರಲಿಲ್ಲ. ಮದ್ದೂರಿನ ಹುಡುಗನ ಥೀಸಿಸ್ಸಿನ ಒಂದು ಪ್ರತಿ ಅವಳ ಕೈಗೆ ಕೊಟ್ಟು, ಶನಿವಾರ ಕ್ಲಾಸು ಮುಗಿದ ಮೇಲೆ ಮೂವರೂ ಕೂತು ಮಾತಾಡೋಣ ಎಂದಿದ್ದೇನೆ.